ಹಿರಿಯರು ಬರ್ತಾರೆ, ಗಂಜಿ ಇಡು

ಬಿಳಿ ಅಂಗಿ ಹಾಕಿ, ಟೈ ಕಟ್ಟಿ, ಎದೆಗೊಂದು ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡು ಪುತ್ತೂರಿನ ಬಿಸಿಲಲ್ಲಿ ನಡೆಯುವವನಿಗೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ದಿನ ಮಳೆ ಬಂದು ಟೈಯ ಬಣ್ಣ ಅಂಗಿಗೆ ಇಳಿದಿರುತ್ತದೆ.

ನಾನು ನಂಜನಗೂಡಿನ ಕಡೆಯವನು. ನಮ್ಮದು ಜನ ಮಾರ್ಮನ್ ಎಂದು ಕರೆಯುವ ಒಂದು ಸಣ್ಣ ಕ್ರೈಸ್ತ ಪಂಗಡ. ನಮ್ಮಲ್ಲಿ ಹುಡುಗರು ಹತ್ತೊಂಬತ್ತು ಇಪ್ಪತ್ತರ ಪ್ರಾಯದಲ್ಲಿ ಎರಡು ವರ್ಷ ಮನೆ ಬಿಟ್ಟು, ಸಂಬಳವಿಲ್ಲದೆ ಸೇವೆಗೆ ಹೋಗುತ್ತಾರೆ. ಕಳಿಸಿದ ಊರಿಗೆ ಹೋಗಬೇಕು, ಜೊತೆಗೆ ಕೊಟ್ಟವನ ಜೊತೆ ಬಾಳಬೇಕು, ಅವನನ್ನು ಬಿಟ್ಟು ಒಂದು ಗಳಿಗೆ ಇರಕೂಡದು. ಮದುವೆಯ ಹಾಗೆಯೇ, ಆದರೆ ಇಬ್ಬರಿಗೂ ಅಡುಗೆ ಬರುವುದಿಲ್ಲ. ಕಾಫಿ, ಚಹಾ ಮುಟ್ಟುವಂತಿಲ್ಲ. ಮನೆ ಮನೆ ಬಾಗಿಲು ತಟ್ಟುವುದೂ ಇಲ್ಲ, ಕರೆದ ಮನೆಗೆ ಮಾತ್ರ ಹೋಗುವುದು. ನನಗೆ ಸಿಕ್ಕಿದ್ದು ಪುತ್ತೂರು, ಸುಳ್ಯ, ಕಡಬ, ಮೂರು ತಾಲೂಕು. ಈ ಮೂರರಲ್ಲಿ ನಮ್ಮ ಸಭೆಯವರು ಒಟ್ಟು ಏಳು ಜನ, ಅದೂ ನಮ್ಮಿಬ್ಬರನ್ನು ಸೇರಿಸಿ.

ಜೊತೆಗಾರ ಆಂಧ್ರದವನು, ಆರಡಿ ಎರಡಂಗುಲ. ನಾನು ಐದಡಿ ಮೂರಂಗುಲ. ಅವನು ಕನ್ನಡವನ್ನು ಪುಸ್ತಕದಿಂದ ಕಲಿತು ಬಂದಿದ್ದ. ಕೇಳಿದ ಹೊಸ ಮಾತನ್ನೆಲ್ಲ ಕಿಸೆಯಲ್ಲಿದ್ದ ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ, ಬರೆದುಕೊಂಡದ್ದನ್ನು ಬಿಡದೆ ಬಳಸುತ್ತಿದ್ದ. ಈ ಎರಡನೆಯ ಅಭ್ಯಾಸವೇ ಅಪಾಯದ್ದು.

ನಗಿಸಲೆಂದೇ ಬರೆಯಲು ಕೂತಿದ್ದೇನೆ. ಆದರೆ ಇದರಲ್ಲಿ ಒಬ್ಬರು ಸಾಯುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರೂ ಅದನ್ನು ಎಲ್ಲರಿಗೂ ಮೊದಲೇ ಹೇಳಿಕೊಂಡು ಓಡಾಡಿದ್ದರು.

ಜ್ವರದ ಕಂಪೆನಿ

ಸುಳ್ಯದಲ್ಲಿ ಬಿಳಿ ಅಂಗಿ, ಟೈ, ಕಪ್ಪು ಬ್ಯಾಗು ಇರುವ ಇಬ್ಬರು ಕಂಡರೆ ಅವರು ಮೆಡಿಕಲ್ ರೆಪ್ಪುಗಳೇ. ಬೇರೆ ಏನೋ ಇರಬಹುದು ಎಂಬ ಅನುಮಾನವೇ ಅಲ್ಲಿ ಯಾರಿಗೂ ಬರುವುದಿಲ್ಲ. ಹೋಟೆಲಿನಲ್ಲಿ ಚಹಾ ಬೇಡ ಎಂದರೆ, "ಓ, ಆ್ಯಸಿಡಿಟಿಯಾ? ನಿಮ್ಮ ಬ್ಯಾಗಿನಲ್ಲೇ ಮದ್ದು ಉಂಟಲ್ಲ ಮಾರಾಯ್ರೆ, ನನಗೂ ಎರಡು ಕೊಡಿ" ಎಂದು ಕೈ ಚಾಚುತ್ತಿದ್ದರು. ಜೊತೆಗಾರ ಗಂಭೀರವಾಗಿ, "ನಮ್ಮ ಬಳಿ ದೇಹಕ್ಕೆ ಔಷಧಿ ಇಲ್ಲ" ಎಂದ ಒಂದು ಸಲ. "ಹಾಗಾದ್ರೆ ನಿಮ್ಮದು ಮಾನಸಿಕದ ಕಂಪೆನಿಯಾ?" ಎಂದು ಹೋಟೆಲಿನವರು ಎರಡು ಹೆಜ್ಜೆ ಹಿಂದೆ ಸರಿದರು.

ಡಿಸೆಂಬರಿನಲ್ಲಿ ನನಗೆ ನಿಜವಾಗಿಯೂ ಜ್ವರ ಬಂತು. ಸುಳ್ಯದ ಒಂದು ಕ್ಲಿನಿಕ್ಕಿಗೆ ಹೋದೆವು. ಕೌಂಟರಿನ ಹುಡುಗಿ ನಮ್ಮನ್ನು ನೋಡಿದವಳೇ, "ನೀವು ಕೊನೆಗೆ, ಪೇಷಂಟ್ ಎಲ್ಲ ಮುಗಿದ ಮೇಲೆ" ಎಂದಳು. ನಾನು ಬಾಯಿ ತೆರೆದರೆ ಹಲ್ಲು ಕಟಕಟ ಅನ್ನುತ್ತಿತ್ತು, ಆದ್ದರಿಂದ ತೆರೆಯಲಿಲ್ಲ. ಎರಡೂವರೆ ಗಂಟೆ ಬೆಂಚಿನಲ್ಲಿ ನಡುಗಿಕೊಂಡು ಕೂತೆ. ಕೊನೆಗೆ ಒಳಗೆ ಹೋದಾಗ ಡಾಕ್ಟರು ಬರೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಎರಡೇ ನಿಮಿಷ. ಬೇಗ ಹೇಳಿ."

"ಜ್ವರ ಡಾಕ್ಟ್ರೆ," ಎಂದೆ.

"ಜ್ವರಕ್ಕೆ ನಮ್ಮಲ್ಲಿ ಈಗಾಗಲೇ ನಾಲ್ಕು ಕಂಪೆನಿಯದ್ದು ಉಂಟು," ಎಂದರು.

ಪರದೆಯ ಆಚೆಯಿಂದ ಯಾರೋ ಗೊಳ್ಳೆಂದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಹೊರಗೆ ಬಂದು ನೋಡಿದರೆ ಮದ್ದಿಗೆ ಕಾಯುತ್ತಿದ್ದ ಎಪ್ಪತ್ತರ ಹತ್ತಿರದ ಒಬ್ಬ ಅಜ್ಜ ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಬೈರಾಸಿನಲ್ಲಿ ಕೆಂಪು ಇತ್ತು. ಅವರು ನನ್ನ ಎದೆಯ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ಓದಿದರು.

"ಎಲ್ಡರ್‌ಗಳಾ? ನಾನು ನಿಮ್ಮವನೇ ಮಾರಾಯ್ರೆ!"

ನಮ್ಮ ಏಳು ಜನರ ಪಟ್ಟಿಯಲ್ಲಿ ಒಂದು ಹೆಸರಿಗೆ ಮನೆ ಸಿಕ್ಕಿರಲಿಲ್ಲ. ಅದು ಇವರೇ. ಸರಕಾರಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು. ನಡುವೆ ಕೆಲವು ವರ್ಷ ಬೆಂಗಳೂರಿಗೆ ಹಾಕಿದ್ದಾಗ ನಮ್ಮ ಸಭೆ ಸೇರಿ, ಅಂದಿನಿಂದ ಚಹಾ ಬಿಟ್ಟವರು. ಮನೆ ಕಡಬದ ಹತ್ತಿರ.

"ಗಂಟಲಲ್ಲಿ ಉಂಟು," ಎಂದು ಕತ್ತು ಮುಟ್ಟಿ ತೋರಿಸಿದರು. "ಮುಂದಿನ ಮಳೆಗಾಲ ನೋಡುದು ಕಷ್ಟ ಅಂತ ಡಾಕ್ಟ್ರು ಹೇಳಿದ್ರು. ನಿಮ್ಮ ಕಂಪೆನಿಯಲ್ಲಿ ಇದಕ್ಕೆ ಎಂತಾದ್ರೂ ಉಂಟಾ?"

ನಮ್ಮ ಪ್ರಾಯ, ಅಮ್ಮಚ್ಚಿಯ ಕುಕ್ಕರು

ನಮ್ಮಲ್ಲಿ ಸೇವೆಗೆ ಹೋದ ಹುಡುಗರಿಗೆ ಹೆಸರಿಲ್ಲ, ಎಲ್ಲರೂ 'ಎಲ್ಡರ್'. ಕನ್ನಡಕ್ಕೆ ಇಳಿಸಿದರೆ ಹಿರಿಯರು. ಮೀಸೆ ಬಾರದ ಹಿರಿಯರು.

ಆ ಭಾನುವಾರ ಕಂಡಕ್ಟರಜ್ಜ ಹೆಂಡತಿಗೆ ಹೇಳಿದ್ದು ಇಷ್ಟೇ: "ಹಿರಿಯರು ಬರ್ತಾರೆ, ಗಂಜಿ ಇಡು." ಅವರದು ಹಿಂದೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಮನೆತನ, ಊರವರೆಲ್ಲ ಹೆಂಡತಿಯನ್ನು ಅಮ್ಮಚ್ಚಿ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ಸಭೆ ಬದಲಿಸಿದರೂ ಅಮ್ಮಚ್ಚಿ ಬದಲಿಸಿರಲಿಲ್ಲ, ಪ್ರತಿ ಭಾನುವಾರ ತಮ್ಮ ಹಳೆಯ ಇಗರ್ಜಿಗೇ ಹೋಗುವವರು.

ನಾವು ಅಂಗಳಕ್ಕೆ ಬಂದರೆ ಅಮ್ಮಚ್ಚಿ ನಮ್ಮ ತಲೆಯ ಮೇಲಿಂದ ರಸ್ತೆಯನ್ನೇ ನೋಡುತ್ತಿದ್ದರು.

"ಹಿರಿಯರು ಹಿಂದೆ ಬರ್ತಾ ಇದ್ದಾರಾ? ನೀವು ಬ್ಯಾಗು ಹಿಡ್ಕೊಂಡು ಮುಂದೆ ಬಂದದ್ದಾ?"

"ನಾವೇ ಅಮ್ಮಚ್ಚಿ."

"ನೀವೇ ಎಂತ?"

"ನಾವೇ ಹಿರಿಯರು," ಎಂದ ಜೊತೆಗಾರ, ಬಿಲ್ಲೆ ತೋರಿಸಿ.

ಅಮ್ಮಚ್ಚಿ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಪ್ರಾಯ ಎಷ್ಟು?"

"ಇಪ್ಪತ್ತು."

"ನನ್ನ ಕುಕ್ಕರಿಗೆ ಇಪ್ಪತ್ತೆರಡು ಆಯ್ತು," ಎಂದು ಒಳಗೆ ಹೋದರು.

ಗಂಜಿ ಬಂತು. ಹಿರಿಯರಿಗೆ ಹಲ್ಲಿರುವುದಿಲ್ಲ ಎಂದು ಅನ್ನ ಪಾಯಸವಾಗುವಷ್ಟು ಬೆಂದಿತ್ತು. ಬಿ.ಪಿ. ಇರುತ್ತದೆ ಎಂದು ಉಪ್ಪಿಲ್ಲ. ಹೊಟ್ಟೆಯುರಿ ಇರುತ್ತದೆ ಎಂದು ಉಪ್ಪಿನಕಾಯಿ ಇಲ್ಲ. ನಾನು ಮೆಲ್ಲಗೆ ಸ್ವಲ್ಪ ಉಪ್ಪು ಸಿಗಬಹುದೇ ಎಂದೆ.

"ಹಿರಿಯರಿಗೆ ಅಂತ ಮಾಡಿದ್ದು. ಹಿರಿಯರು ಅಂದಮೇಲೆ ಕುಡೀಬೇಕು," ಎಂದರು ಅಮ್ಮಚ್ಚಿ. ಕುಡಿದೆವು.

ಅಜ್ಜನೂ ಅದೇ ಗಂಜಿ ಕುಡಿದರು. ಅವರಿಗೆ ಬೇರೇನೂ ಇಳಿಯುತ್ತಿರಲಿಲ್ಲ. ಕುಡಿದು ಮುಗಿಸಿ ನಮ್ಮಿಬ್ಬರ ಹೆಗಲನ್ನೇ ಬಹಳ ಹೊತ್ತು ನೋಡಿದರು.

"ನೋಡಿ, ನನಗೆ ಸಾಯುದಕ್ಕೆ ಹೆದರಿಕೆ ಇಲ್ಲ. ಎತ್ತುದಕ್ಕೆ ನಾಲ್ಕು ಹೆಗಲು ಇಲ್ಲ ಅಂತ ಹೆದರಿಕೆ. ಇಗರ್ಜಿಯವರನ್ನು ನಾನು ಬಿಟ್ಟು ಬಂದೆ, ಅವರ ಹತ್ತಿರ ಕೇಳ್ಲಿಕ್ಕೆ ನನಗೆ ಮುಖ ಇಲ್ಲ. ಊರಿನವರು ಬರುದಿಲ್ಲ. ಮೂವತ್ತೊಂದು ವರ್ಷ ಒಬ್ಬನನ್ನೂ ಸ್ಟಾಪ್ ಇಲ್ಲದ ಕಡೆ ಇಳಿಸ್ಲಿಲ್ಲ, ಹತ್ತಿಸ್ಲಿಲ್ಲ. ಬಸುರಿ ಕೈ ಅಡ್ಡ ಹಿಡಿದ್ರೂ ಮುಂದಿನ ಸ್ಟಾಪಿಗೆ ಬಾ ಅಂತ ಹೇಳಿದ್ದೇನೆ. ಪಕ್ಕದ ಮನೆ ಮೇಸ್ತ್ರಿ ಮಾತು ಬಿಟ್ಟು ಹದಿನಾಲ್ಕು ವರ್ಷ ಆಯ್ತು. ನಮ್ಮ ಸಭೆಯಲ್ಲಿ ಉಳಿದ ನಾಲ್ಕೂ ಜನ ಹೆಂಗಸರಂತೆ. ನನ್ನ ಲೆಕ್ಕಕ್ಕೆ ಈಗ ಇರುದು ನೀವಿಬ್ಬರು."

ಆಮೇಲೆ ನಿಟ್ಟುಸಿರು ಬಿಟ್ಟು, "ಅದರಲ್ಲಿಯೂ ಒಬ್ಬ ಉದ್ದ, ಒಬ್ಬ ಗಿಡ್ಡ. ನಾನು ಪೆಟ್ಟಿಗೆಯಲ್ಲಿ ಜಾರುದು ಗ್ಯಾರಂಟಿ," ಎಂದರು.

ಬರ್ತೇವೆ

ಆ ದಿನ ಹೊರಡುವಾಗ ಜೊತೆಗಾರ ಎದ್ದು ನಿಂತು ಪುಸ್ತಕದ ಕನ್ನಡದಲ್ಲಿ, "ನಾವು ಹೋಗುತ್ತೇವೆ" ಎಂದ. ಅಮ್ಮಚ್ಚಿ ಕೈಯಲ್ಲಿದ್ದ ಸೌಟು ಎತ್ತಿದರು.

"ಹೋಗ್ತೇನೆ ಅಂತ ಹೇಳ್ಬಾರ್ದು! ಯಾವ ಮನೆಯಿಂದ ಹೊರಟ್ರೂ ಬರ್ತೇನೆ ಅಂತ ಹೇಳ್ಬೇಕು. ಹೋಗ್ತೇನೆ ಅಂತ ಹೇಳುದು ಸಾಯುವವರು."

ಅಜ್ಜ ಮೂಲೆಯಿಂದ, "ನಾನು ಹೇಳ್ಬಹುದಾ?" ಎಂದರು. ಅಮ್ಮಚ್ಚಿ ಸೌಟು ಹಿಡಿದು ಒಳಗೆ ಹೋದರು.

ಜೊತೆಗಾರ ನೋಟುಬುಕ್ಕು ತೆಗೆದು ಬರೆದುಕೊಂಡ: ಹೊರಡುವಾಗ, ಬರ್ತೇವೆ. ಎಲ್ಲಾ ಕಡೆ. 'ಎಲ್ಲಾ ಕಡೆ' ಎಂಬುದಕ್ಕೆ ಎರಡು ಗೆರೆ ಎಳೆದ.

ಅಂದಿನಿಂದ ಅವನು ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ, ಕ್ಷೌರದ ಕುರ್ಚಿಯಿಂದ ಏಳುವಾಗ ಕ್ಷೌರಿಕನಿಗೆ, ಹಲ್ಲು ಕೀಳಿಸಿಕೊಂಡು ಬಾಯಿಯಲ್ಲಿ ಹತ್ತಿ ತುಂಬಿಕೊಂಡು ಡೆಂಟಿಸ್ಟಿಗೆ, ಎಲ್ಲರಿಗೂ ಕೈ ಮುಗಿದು "ಬರ್ತೇವೆ" ಎಂದ. ಜನರಿಗೆ ಅವನ ಮೇಲೆ ಪ್ರೀತಿ ಬಂತು. ನನ್ನ ಕನ್ನಡ ಹುಟ್ಟಿನಿಂದ ಬಂದದ್ದು, ಆದರೂ ಯಾರಿಗೂ ನನ್ನ ಮೇಲೆ ಬರಲಿಲ್ಲ. ಇದರ ಬಗ್ಗೆ ನನಗೆ ಈಗಲೂ ಸ್ವಲ್ಪ ಸಿಟ್ಟಿದೆ.

ಜನವರಿಯಲ್ಲಿ ಅಜ್ಜನನ್ನು ಒಂದು ವಾರ ಆಸ್ಪತ್ರೆಯಲ್ಲಿ ಇಟ್ಟರು. ಅವರಿದ್ದ ವಾರ್ಡಿನಲ್ಲಿ ಹಾಸಿಗೆಗಳು ಬೇಗ ಬೇಗ ಖಾಲಿಯಾಗುತ್ತಿದ್ದವು, ಯಾಕೆಂದು ನಾವು ಕೇಳುತ್ತಿರಲಿಲ್ಲ. ಹೊರಡುವಾಗ ಜೊತೆಗಾರ ಬಾಗಿಲಲ್ಲಿ ನಿಂತು ಇಡೀ ವಾರ್ಡಿಗೆ ಕೇಳುವ ಹಾಗೆ "ಬರ್ತೇವೆ!" ಎಂದ. ಡ್ರಿಪ್ಪು ಹಾಕಿಸಿಕೊಂಡಿದ್ದ ಒಬ್ಬರು ಮೆಲ್ಲಗೆ ಗೋಡೆ ಕಡೆ ತಿರುಗಿದರು. ನರ್ಸು ಓಡಿ ಬಂದು, "ಇಲ್ಲಿಗೆಲ್ಲ ಬರ್ತೇವೆ ಅಂತ ಹೇಳುದಾ ಮಾರಾಯ್ರೆ? ದಮ್ಮಯ್ಯ, ಬರ್ಬೇಡಿ!" ಎಂದರು.

ಅವನು ನೋಟುಬುಕ್ಕು ತೆಗೆದು 'ಎಲ್ಲಾ ಕಡೆ' ಎಂಬುದರ ಮುಂದೆ 'ಆಸ್ಪತ್ರೆ ಬಿಟ್ಟು' ಎಂದು ಸೇರಿಸಿದ. ಅಷ್ಟಕ್ಕೆ ಪಾಠ ಮುಗಿಯಿತು ಎಂದು ನಾನೂ ತಿಳಿದುಕೊಂಡೆ. ಇನ್ನೊಂದು ಜಾಗ ಉಂಟು ಎಂದು ಆಗಲೇ ಹೇಳಬೇಕಿತ್ತು.

ಅರ್ಜಿದಾರರು ನಾನೇ

ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜ ಹೂಳುವ ಜಾಗದ ವಿಚಾರ ತೆಗೆದರು. ನಮ್ಮ ಏಳು ಜನರ ಸಭೆಗೆ ಸ್ಮಶಾನ ಎಲ್ಲಿಂದ ಬರಬೇಕು? ಮನೆಯ ಹಿಂದೆ ಇದ್ದ ಸ್ವಂತ ಜಾಗದಲ್ಲೇ ಹೂಳಲು ಅನುಮತಿ ಬೇಕೆಂದು ನಮ್ಮನ್ನು ಕರೆದುಕೊಂಡು ಪಂಚಾಯಿತಿಗೆ ಹೊರಟರು. ಸ್ವರ ಆಗಲೇ ಕಮ್ಮಿಯಾಗಿತ್ತು, ಆದರೂ ಕ್ಯೂ ತಪ್ಪಿಸಿ ಮುಂದೆ ಬಂದ ಒಬ್ಬನನ್ನು ಹಿಂದಕ್ಕೆ ಕಳಿಸಿದರು.

ಗುಮಾಸ್ತರು ಅರ್ಜಿ ಓದಿದರು. ಇನ್ನೊಮ್ಮೆ ಓದಿದರು.

"ಅರ್ಜಿದಾರರು ಯಾರು?"

"ನಾನೇ."

"ಮೃತರು ಯಾರು?"

"ನಾನೇ."

"ಮರಣ ಪ್ರಮಾಣಪತ್ರ ಎಲ್ಲಿ?"

"ಅದು ಆಗಲಿಲ್ಲ ಇನ್ನು," ಎಂದರು ಅಜ್ಜ, ತಮ್ಮದೇ ತಪ್ಪು ಎಂಬ ಹಾಗೆ.

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಮನುಷ್ಯ ಕೆಟ್ಟವರಲ್ಲ, ಅರ್ಜಿಯಲ್ಲಿ ಇಂಥದಕ್ಕೆ ಕಾಲಂ ಇರಲಿಲ್ಲ ಅಷ್ಟೆ. "ಹೀಗೆ ಆಗುದಿಲ್ಲ ಅಜ್ಜ. ನಿಯಮ ಅಂತ ಒಂದು ಉಂಟಲ್ಲ. ನೀವೊಂದು ಕೆಲಸ ಮಾಡಿ, ಸತ್ತ ಮೇಲೆ ಬನ್ನಿ."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ಮುಖ ಕಪ್ಪಾಯಿತು. ಅಜ್ಜ ಮಾತ್ರ ಬಹಳ ಸಮಾಧಾನದಿಂದ ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡರು. "ಅವರು ಹೇಳುದು ಸರಿ. ಟಿಕೆಟ್ ಇಲ್ಲದೆ ಹತ್ತಿಸ್ಲಿಕ್ಕೆ ಆಗುದಿಲ್ಲ," ಎಂದು ನಮಗೆ ವಿವರಿಸಿದರು.

ಆರಡಿಯ ತೆಂಗು

ನಮ್ಮ ಸೇವೆಯಲ್ಲಿ ಕೈಕೆಲಸವೂ ಸೇರುತ್ತದೆ. ವಾರಕ್ಕೊಂದು ದಿನ ಯಾರಿಗಾದರೂ ಕೆಲಸ ಮಾಡಿಕೊಡಬೇಕು. ಫೆಬ್ರವರಿಯಲ್ಲಿ ಏನು ಮಾಡಲಿ ಎಂದು ಅಜ್ಜನನ್ನು ಕೇಳಿದೆವು. "ಹಿಂದೆ ಒಂದು ತೆಂಗಿನ ಗುಂಡಿ ತೋಡಿ," ಎಂದು ಸುಣ್ಣದ ಗೆರೆ ಹಾಕಿಕೊಟ್ಟರು.

ಆ ನೆಲ ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ಬೇಸಗೆಯಲ್ಲಿ ಪಿಕ್ಕಾಸು ಹಾಕಿದರೆ ಪಿಕ್ಕಾಸೇ ಹಿಂದಕ್ಕೆ ಹಾರುತ್ತದೆ. ಎರಡು ದಿನದಲ್ಲಿ ನಾವು ಒಂದು ಬಾಲ್ದಿಯಷ್ಟು ಮಣ್ಣು ತೆಗೆದು ಅಂಗೈಯಲ್ಲಿ ಎಂಟು ಬೊಬ್ಬೆ ಎಬ್ಬಿಸಿಕೊಂಡೆವು. ಬೇಲಿಯ ಆಚೆ ನಿಂತು ಇದನ್ನು ನೋಡುತ್ತಿದ್ದವರು ಪಕ್ಕದ ಮನೆಯ ಮೇಸ್ತ್ರಿ, ಕಲ್ಲು ಕಡಿಯುವುದರಲ್ಲೇ ಜೀವ ಸವೆಸಿದವರು. ಅಜ್ಜನ ಮೇಲೆ ಅವರ ಕೋಪ ಒಂದು ಹುಂಜದ್ದು. ಹದಿನಾಲ್ಕು ವರ್ಷದ ಹಿಂದೆ ಅವರು ಹುಂಜ ಕಾದಾಡಿಸುವ ಕೋಳಿ ಅಂಕಕ್ಕೆ ತಮ್ಮ ಹುಂಜವನ್ನು ಚೀಲದಲ್ಲಿ ಹಾಕಿ ಬಸ್ಸು ಹತ್ತಿದ್ದರು. ಹುಂಜ ಚೀಲದೊಳಗಿಂದ ಕೂಗಿತು. ಅಜ್ಜ ಅದಕ್ಕೂ ಅರ್ಧ ಟಿಕೆಟ್ ಹರಿದರು. ಅಂಕದಲ್ಲಿ ಹುಂಜ ಸೋತಿತು. ಟಿಕೆಟ್ ಮಾಡಿಸಿದ ಅವಮಾನಕ್ಕೇ ಸೋತದ್ದು ಎಂದು ಮೇಸ್ತ್ರಿಯ ವಾದ.

ಮೂರನೆಯ ದಿನ ಅವರಿಗೆ ತಡೆಯಲಾಗಲಿಲ್ಲ. ನಮ್ಮ ಮೇಲಿನ ಪ್ರೀತಿಯಿಂದಲ್ಲ, ಕೆಲಸ ಕೆಡುವುದನ್ನು ನೋಡಲಾಗದೆ ಬೇಲಿ ಹಾರಿ ಬಂದು ನನ್ನ ಕೈಯಿಂದ ಪಿಕ್ಕಾಸು ಕಸಿದುಕೊಂಡರು. ಅಜ್ಜ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಇಬ್ಬರೂ ಮಾತಾಡಿದ್ದು ನನ್ನ ಮೂಲಕ, ಎಂಟು ಹೆಜ್ಜೆ ದೂರದಿಂದ.

"ತೆಂಗಿಗೆ ಚೌಕ ಗುಂಡಿ ಸಾಕು ಅಂತ ಅವರಿಗೆ ಹೇಳಿ."

"ಉದ್ದ ಬೇಕು ಅಂತ ಅವನಿಗೆ ಹೇಳು."

"ಇಷ್ಟು ಉದ್ದ ಯಾಕೆ ಅಂತ ಕೇಳಿ. ಮಲಗಿಸಿ ನಡುದಾ?"

"ಹೌದು ಅಂತ ಹೇಳು."

ಮೇಸ್ತ್ರಿಯ ಪಿಕ್ಕಾಸು ಮೇಲೆಯೇ ನಿಂತಿತು. ನನಗೂ ಆಗಲೇ ಹೊಳೆದದ್ದು, ಎರಡು ದಿನದಿಂದ ನಾವು ಏನು ತೋಡುತ್ತಿದ್ದೇವೆ ಎಂದು.  ಜೊತೆಗಾರನಿಗೆ ಮಾತ್ರ ಗೊತ್ತಾಗಿರಲಿಲ್ಲ, ಅವನು ಹಣೆ ಒರೆಸಿಕೊಳ್ಳುತ್ತಾ ಆಸಕ್ತಿಯಿಂದ, "ಇದು ಯಾವ ತಳಿ ಅಜ್ಜ?" ಎಂದು ಕೇಳಿದ.

"ಊರಿನದ್ದೇ," ಎಂದರು ಅಜ್ಜ. "ಐದೂವರೆ ಅಡಿ. ಇನ್ನು ಬೆಳೆಯುದಿಲ್ಲ."

ಮೇಸ್ತ್ರಿ ಸಂಜೆಯವರೆಗೆ ಕಡಿದರು. ನಾಲ್ಕೂ ಬದಿ ಗೋಡೆ ಕಟ್ಟಿದಷ್ಟು ನೇರವಾಗಿ ಬಂತು. ಮೇಲೆ ತಗಡು ಮುಚ್ಚಿ ಬೇಲಿ ಹಾರಿ ಹೋಗುವಾಗ ನನ್ನ ಕಡೆ ನೋಡಿ ಹೇಳಿದರು: "ಇದಕ್ಕೆ ಕೂಲಿ ಬೇಡ ಅಂತ ಅವರಿಗೆ ಹೇಳಿ. ಹುಂಜದ ವಿಷಯ ಬೇರೆಯೇ."

ಎರಡು ಸೀಟಿ

ನಮ್ಮ ಸೇವೆಯಲ್ಲಿ ಆರು ವಾರಕ್ಕೊಮ್ಮೆ ಬೆಂಗಳೂರಿನಿಂದ ಫೋನು ಬರುತ್ತದೆ: ಯಾರು ಇರಬೇಕು, ಯಾರು ಬೇರೆ ಊರಿಗೆ ಹೋಗಬೇಕು. ಎರಡು ದಿನದಲ್ಲಿ ಗಂಟು ಕಟ್ಟಬೇಕು, ಎದುರು ಮಾತಿಲ್ಲ. ಇದು ಗೊತ್ತಾದಂದಿನಿಂದ ಅಜ್ಜ ಗೋಡೆಯ ಕ್ಯಾಲೆಂಡರಿನಲ್ಲಿ ಆರಾರು ವಾರಕ್ಕೆ ಗುರುತು ಹಾಕಿಟ್ಟಿದ್ದರು. ಎರಡು ಹೆಗಲು ಇಲ್ಲಿರುವಾಗಲೇ ಕೆಲಸ ಮುಗಿಯಬೇಕೆಂದು ಅವರ ಹಠ.

ಜನವರಿ ಕೊನೆಯಲ್ಲಿ ನಮ್ಮನ್ನು ಇಲ್ಲೇ ಬಿಟ್ಟರು. "ಹಾಗಾದ್ರೆ ನನಗೂ ಆರು ವಾರ ರಜೆ," ಎಂದರು. ಮಾರ್ಚಿನಲ್ಲಿ ಮತ್ತೆ ಬಿಟ್ಟರು. ಆಗ ಅವರ ಸ್ವರ ಪೂರ್ತಿ ಹೋಗಿತ್ತು. ಪೆಟ್ಟಿಗೆಯಿಂದ ಹಳೆಯ ಕಂಡಕ್ಟರ್ ಸೀಟಿ ತೆಗೆದು ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೋಗಬಹುದು. ಅಮ್ಮಚ್ಚಿ ಆ ಮನೆಯಲ್ಲಿ ಬಸ್ಸಿನ ಹಾಗೆ ನಿಂತು ಹೊರಟು ಮಾಡುತ್ತಿದ್ದರು. "ನಲವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನು ಕೇಳ್ಲಿಲ್ಲ, ಈಗ ಸೀಟಿಗೆ ಕೇಳುದಾಯ್ತು ನನ್ನ ಹಣೆಬರಹ," ಎನ್ನುತ್ತಿದ್ದರು. ಎನ್ನುತ್ತಾ ಅವರ ಬೆನ್ನು ಒರೆಸುತ್ತಿದ್ದರು, ಅಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

ಏಪ್ರಿಲಿನಲ್ಲಿ ಒಂದು ಸೋಮವಾರ ಫೋನು ಬಂತು. ಜೊತೆಗಾರನಿಗೆ ವರ್ಗ, ಬುಧವಾರ ಸಂಜೆ ಪುತ್ತೂರಿನಿಂದ ರೈಲು. ಹೋಗಿ ಹೇಳಿದೆವು. ಅಜ್ಜ ಸ್ಲೇಟಿನಲ್ಲಿ ಬರೆದು ಕೇಳಿದರು: 'ಎಷ್ಟು ಗಂಟೆಗೆ?' ಆಮೇಲೆ ಅದನ್ನು ಒರೆಸಿ ಇನ್ನೊಂದು ಬರೆದರು: 'ನೋಡುವ.'

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅಮ್ಮಚ್ಚಿಯ ಫೋನು. ಹೋದಾಗ ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು.

"ಎರಡು ಸೀಟಿ ಕೇಳಿತು. ನನಗೆ ಹೋಗು ಅಂತ ಹೇಳಿದ್ದು ಅಂತ ನೀರು ಕಾಯಿಸ್ಲಿಕ್ಕೆ ಹೋದೆ," ಎಂದರು. "ಅದು ನನಗೆ ಹೇಳಿದ್ದಲ್ಲ."

ಅವರು ಅಳಲಿಲ್ಲ. ನಾನು ಅತ್ತೆ. ಜೊತೆಗಾರ ತನ್ನ ಗಡಿಯಾರ ನೋಡಿ, ಕ್ಯಾಲೆಂಡರು ನೋಡಿ, ಮೂಗು ಒರೆಸಿಕೊಂಡು, "ರೈಲಿಗೆ ಮೂವತ್ತನಾಲ್ಕು ಗಂಟೆ ಮೊದಲೇ," ಎಂದ. ಅಜ್ಜ ಯಾವತ್ತೂ ಲೇಟು ಮಾಡಿದವರಲ್ಲ.

ನಾಲ್ಕನೆಯ ಹೆಗಲು

ಸಭೆಯ ದೊಡ್ಡವರು ಬೆಂಗಳೂರಿನಿಂದ ಬರುವಷ್ಟು ಹೊತ್ತಿರಲಿಲ್ಲ, ಪ್ರಾರ್ಥನೆ ನೀವೇ ಮಾಡಿ ಎಂದು ಫೋನಿನಲ್ಲಿ ಹೇಳಿದರು. ಜೊತೆಗಾರ ಪಂಚಾಯಿತಿಯ ಗುಮಾಸ್ತರಿಗೆ ಫೋನು ಮಾಡಿದ. ಅವನು ಕೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ: "ಸಾರ್, ಅವರು ಸತ್ತರು. ಈಗ ಬರಬಹುದಾ?"

ಗುಮಾಸ್ತರು ನಮ್ಮನ್ನು ಬರಗೊಡಲಿಲ್ಲ. ಕಾಗದ ಹಿಡಿದುಕೊಂಡು ತಾವೇ ಬೈಕಿನಲ್ಲಿ ಬಂದರು.

ಅಂಗಳದಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ಅಷ್ಟು ಜನ ಬರುತ್ತಾರೆಂದು ಅಜ್ಜ ಎಣಿಸಿರಲೇ ಇಲ್ಲ. ಎಲ್ಲರೂ ಅವರ ಬಸ್ಸಿನಲ್ಲಿ ಬೈಸಿಕೊಂಡವರೇ. ಆದರೆ ಪೆಟ್ಟಿಗೆ ಎತ್ತುವ ಹೊತ್ತಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾವ ಪದ್ಧತಿ, ಯಾರು ಮುಟ್ಟಬೇಕು, ಯಾರಿಗೂ ಗೊತ್ತಿಲ್ಲ. ಮುಂದೆ ನಾನು, ಜೊತೆಗಾರ. ಎರಡೇ ಹೆಗಲು.  ಆ ಅಜ್ಜ ನಾಲ್ಕು ತಿಂಗಳು ಹೆದರಿದ್ದು ಇದಕ್ಕೇ.

ಬೇಲಿ ಹಾರಿದ ಸದ್ದಾಯಿತು. ಮೇಸ್ತ್ರಿ ಬಂದು ಯಾರನ್ನೂ ನೋಡದೆ ಹಿಂದಿನ ಬಲತುದಿ ಹಿಡಿದರು. ನಾಲ್ಕನೆಯ ತುದಿಯ ಹತ್ತಿರ ನಿಂತಿದ್ದವರು ಗುಮಾಸ್ತರು, ಅದೂ ಸಹಿ ಹಾಕಿಸಿಕೊಳ್ಳಲು ಯಾರು ಸಿಗುತ್ತಾರೆಂದು ಹುಡುಕುತ್ತಾ.

"ಕಾಗದ ಕಿಸೆಗೆ ಹಾಕಿ," ಎಂದರು ಮೇಸ್ತ್ರಿ. ಗುಮಾಸ್ತರು ಹಾಕಿದರು. ಎತ್ತಿದೆವು.

ಮನೆಯಿಂದ ಗುಂಡಿಗೆ ನಲವತ್ತು ಹೆಜ್ಜೆ. ಜೊತೆಗಾರನ ಕಡೆ ಪೆಟ್ಟಿಗೆ ಆಕಾಶಕ್ಕೆ ಹೋಗಿತ್ತು, ನನ್ನ ಕಡೆ ಪಾತಾಳಕ್ಕೆ. ಅಜ್ಜ ಹೇಳಿದ 'ಗ್ಯಾರಂಟಿ' ನಿಜವಾಗಿ ಒಳಗೆ ಏನೋ ನನ್ನ ಕಡೆ ಜಾರಿತು. ಅವನು ಮೊಣಕಾಲು ಮಡಚಿಕೊಂಡು, ನಾನು ತುದಿಗಾಲಿನಲ್ಲಿ, ಹೀಗೆ ಹೊರಟೆವು. ಹಿತ್ತಿಲ ಕಿರಿದಾದ ಗೇಟಿನಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡೆವು. ಹಿಂದಿನವರು ತಳ್ಳುತ್ತಿದ್ದಾರೆ, ಮುಂದಿನವರು ಅಲ್ಲಾಡುತ್ತಿಲ್ಲ. ಆಗ ಹಿಂದಿನಿಂದ ಮೇಸ್ತ್ರಿ ಗಟ್ಟಿಯಾಗಿ ಗದರಿದರು:

"ಮುಂದೆ ಹೋಗಿ, ಮುಂದೆ ಹೋಗಿ! ಬಾಗಿಲಲ್ಲಿ ನಿಲ್ಲುದು ಎಂತ? ಮುಂದೆ ಜಾಗ ಉಂಟು!"

ಆ ಊರಿನವರೆಲ್ಲ ಅಜ್ಜನ ಬಸ್ಸಿನಲ್ಲಿ ವರ್ಷಗಟ್ಟಲೆ ದಿನಾ ಕೇಳಿದ ಮಾತು, ಅದೇ ರಾಗ. ಅಂಗಳದಲ್ಲಿದ್ದ ಅಷ್ಟೂ ಜನ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದರು.

ಇನ್ನೊಂದು ಜಾಗ

ಪ್ರಾರ್ಥನೆ ಮಾಡಿ ಮಣ್ಣು ಹಾಕಿದೆವು. ಜನ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಒಬ್ಬೊಬ್ಬರಾಗಿ, ಹೇಳದೆ ಕೇಳದೆ ಹೊರಟುಹೋಗುತ್ತಿದ್ದರು. ಸತ್ತ ಮನೆಯಿಂದ ಹಾಗೆಯೇ ಹೋಗುವುದು. ಬರ್ತೇನೆ ಅನ್ನಬಾರದು, ಅಂದರೆ ಸಾವು ಮತ್ತೆ ಆ ಮನೆಗೆ ಬರಲಿ ಎಂದು ಕರೆದಂತೆ. ನನಗೆ ಹುಟ್ಟಿನಿಂದ ಗೊತ್ತಿದ್ದದ್ದು, ಹಾಗಾಗಿಯೇ ಯಾರಿಗಾದರೂ ಹೇಳಿಕೊಡಬೇಕೆಂದು ಹೊಳೆಯಲಿಲ್ಲ.

ಅಮ್ಮಚ್ಚಿ ಬೆಳಗಿನಿಂದ ಅದೇ ಕಂಬಕ್ಕೆ ಒರಗಿದ್ದರು. ಕಣ್ಣು ಒಣಗಿತ್ತು. ಅಳಿಸಬೇಕು, ಇಲ್ಲದಿದ್ದರೆ ಕಷ್ಟ ಎಂದು ಅವರ ಇಗರ್ಜಿಯಿಂದ ಬಂದ ಹೆಂಗಸರು ಪಿಸುಗುಡುತ್ತಿದ್ದರು. ಎಷ್ಟು ಮಾತಾಡಿಸಿದರೂ ಆಗಿರಲಿಲ್ಲ.

ಜೊತೆಗಾರ ಅಂಗಿಯ ಮಣ್ಣು ಕೊಡವಿ, ಟೈ ಸರಿಮಾಡಿಕೊಂಡು, ಅವರ ಮುಂದೆ ನೇರವಾಗಿ ನಿಂತು ಕೈ ಮುಗಿದ. ನನಗೆ ಗೊತ್ತಾಗುವಷ್ಟರಲ್ಲಿ ಮಾತು ಹೊರಗೆ ಬಂದಾಗಿತ್ತು.

"ಅಮ್ಮಚ್ಚಿ, ಬರ್ತೇವೆ!"

 ಗೇಟು ದಾಟಿದ್ದವರೂ ತಿರುಗಿ ನಿಂತರು. ಮೇಸ್ತ್ರಿ ಅವನ ತೋಳು ಹಿಡಿದೆಳೆದು, "ಸತ್ತ ಮನೆಯಲ್ಲಿ ಬರ್ತೇನೆ ಅಂತ ಹೇಳ್ಬಾರ್ದು ಮಾರಾಯ!" ಎಂದರು.

ಪಾಪ, ಅವನ ಕೈ ತನ್ನಿಂತಾನೇ ನೋಟುಬುಕ್ಕಿನ ಕಿಸೆಗೆ ಹೋಯಿತು. ತಪ್ಪು ತಿದ್ದಿಕೊಳ್ಳುವುದರಲ್ಲಿ ಅವನಷ್ಟು ಪ್ರಾಮಾಣಿಕ ಇನ್ನೊಬ್ಬನಿಲ್ಲ. ಮತ್ತೆ ಕೈ ಮುಗಿದು, ಇನ್ನೂ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಕ್ಷಮಿಸಿ ಅಮ್ಮಚ್ಚಿ! ಬರುವುದಿಲ್ಲ! ನಾವು ಇನ್ನು ಯಾವತ್ತೂ ಬರುವುದಿಲ್ಲ!"

ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ಒಂದು ಸಣ್ಣ ಸದ್ದು ಕೇಳಿತು. ಕಣ್ಣು ಬಿಟ್ಟರೆ ಅಮ್ಮಚ್ಚಿ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು. ನಗುತ್ತಿದ್ದರು. ಕಂಬ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಅದು ಅಳುವಾಯಿತು, ಬೆಳಗಿನಿಂದ ನಿಂತದ್ದೆಲ್ಲ ಒಟ್ಟಿಗೆ ಬಂತು. ಹೆಂಗಸರು ಓಡಿ ಹೋಗಿ ಹಿಡಿದುಕೊಂಡರು. ಮೇಸ್ತ್ರಿ ಬೇಲಿಯ ಕಡೆ ಮುಖ ತಿರುಗಿಸಿ ನಿಂತರು. ಜೊತೆಗಾರ ಏನೂ ಅರ್ಥವಾಗದೆ ಕೈ ಮುಗಿದುಕೊಂಡೇ ನಿಂತಿದ್ದ.

ಬಹಳ ಹೊತ್ತಿನ ಮೇಲೆ ಅಮ್ಮಚ್ಚಿ ಮೂಗು ಒರೆಸಿಕೊಂಡು ತಲೆ ಎತ್ತಿ ಅವನನ್ನು ನೋಡಿದರು.

"ಬರ್ತೇನೆ ಅಂತ ಹೇಳಿ ಹೋದವರು ಎಷ್ಟು ಜನ ಬಂದಿದ್ದಾರೆ ಅಂತ ನನಗೆ ಗೊತ್ತುಂಟು," ಎಂದರು. "ಬರುದಿಲ್ಲ ಅಂತ ಹೇಳಿದವ ನೀನೊಬ್ಬನೇ. ನಾಳೆ ರೈಲಿಗೆ ಮೊದಲು ಬಾ. ಗಂಜಿ ಇಡ್ತೇನೆ."

ಹೋದೆವು. ಗಂಜಿಗೆ ಮೊದಲ ಸಲ ಉಪ್ಪು ಹಾಕಿದ್ದರು. ಜಾಸ್ತಿಯೇ ಆಗಿತ್ತು, ಬಾಯಿಗೆ ಇಡಲಾಗದಷ್ಟು. ನಾವಿಬ್ಬರೂ ತಳದವರೆಗೆ ಕುಡಿದೆವು. ಹಿರಿಯರು ಅಂದಮೇಲೆ ಕುಡಿಯಬೇಕು.